ಸಾಮಾಜಿಕ ಉದ್ದಿಮೆ: ಕೂಡ್ಲಿಗಿಯ ಹುಣಸೆ, ಹಡಗಲಿಯ ಮಲ್ಲಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ - ಈ ಊರುಗಳನ್ನು ಕರಾವಳಿಯ ನಾವು ಹೆಚ್ಚಾಗಿ ಬಲ್ಲದ್ದು ಅಲ್ಲಿಂದ ದುಡಿಯಲು ಬಂದವರ ಬಾಯಿಂದ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದ ಐದೂ ಇವೇ. ಹೊಸಪೇಟೆಗೆ ತುಂಗಭದ್ರೆಯ ಕಾಲುವೆ ಇದೆ, ಹಂಪಿಯ ಪ್ರವಾಸಿಗರಿದ್ದಾರೆ. ಈ ಐದು ತಾಲೂಕುಗಳ ಬಹುಪಾಲು ಹೊಲಗಳು ಮಾತ್ರ ಮಳೆಯನ್ನೇ ನಂಬಿವೆ. ಮೆಕ್ಕೆಜೋಳ, ಶೇಂಗಾ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವುದೇ ದಾರಿ.

ಇಂಥ ಕಡೆ ಸ್ವಸಹಾಯ ಸಂಘಗಳು ಸಾಕಷ್ಟು ಕೆಲಸ ಮಾಡಿವೆ. ಆದರೆ ಸಾಲ ದೊರೆತ ಮಾತ್ರಕ್ಕೆ ಸಂಪಾದನೆ ಹುಟ್ಟುವುದಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಸ್ಥಿತಿ ಎಲ್ಲಿಗೆ ಮುಟ್ಟಿತೆಂದರೆ, ಕಿರು ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಾಮಾಜಿಕ ಉದ್ದಿಮೆಯ ಮಾತು ಬರುವುದು ಇಲ್ಲಿ. 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಇದಕ್ಕೆ ಕೊಟ್ಟ ಅರ್ಥ ಸರಳವಾದುದು. ಬಡವರ ಒಂದು ಸಮಸ್ಯೆಯನ್ನು ಪರಿಹರಿಸುವುದೇ ಉದ್ದಿಮೆಯ ಗುರಿ. ಅದು ದಾನದಿಂದಲ್ಲ, ತನ್ನ ಮಾರಾಟದಿಂದಲೇ ನಡೆಯಬೇಕು. ಬಂಡವಾಳ ಹಾಕಿದವರು ಹಾಕಿದಷ್ಟನ್ನೇ ಹಿಂಪಡೆಯಬಹುದು, ಲಾಭವೆಲ್ಲ ಉದ್ದಿಮೆಯಲ್ಲೇ ಉಳಿಯುತ್ತದೆ. 1912ರಲ್ಲಿ ಮಂಗಳೂರಿನಲ್ಲಿ ಕೆಥೊಲಿಕ್ ಸಹಕಾರಿ ಬ್ಯಾಂಕ್ ಕಟ್ಟಿದ ಹಿರಿಯರ ಮಕ್ಕಳಾದ ನಮಗೆ ಇದು ತೀರಾ ಹೊಸದಾಗಿ ಕಾಣಬೇಕಿಲ್ಲ.

ಹುಣಸೆಯನ್ನೇ ನೋಡೋಣ. ಕಾಯಿ ಬಲಿಯುವ ಮೊದಲೇ ವ್ಯಾಪಾರಿ ಮುಂಗಡ ಕೊಟ್ಟು ಮರವನ್ನು ಗುತ್ತಿಗೆ ಹಿಡಿಯುತ್ತಾನೆ. ಹಣದ ಅಡಚಣೆಯಲ್ಲಿರುವ ಮನೆಯವರು ದರ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಕೊಯ್ಲಾದ ಮೇಲೆ ಹಣ್ಣು ಕುಟ್ಟಿ, ಬೀಜ ಬಿಡಿಸುವ ಕೆಲಸ ಹೆಂಗಸರದು, ಕೂಲಿ ಕಿಲೋ ಲೆಕ್ಕದಲ್ಲಿ. ಸುಗ್ಗಿಯಲ್ಲಿ ಅಗ್ಗಕ್ಕೆ ಹೋದ ಹಣ್ಣು ಶೀತಲಗೃಹದಲ್ಲಿ ಕೆಲವು ತಿಂಗಳು ಕುಳಿತು ಬೆಲೆ ಏರಿದ ಮೇಲೆ ಹೊರಬರುತ್ತದೆ. ಆ ಏರಿಕೆಯಲ್ಲಿ ಮರದವರಿಗೂ ಕುಟ್ಟಿದವರಿಗೂ ಪಾಲಿಲ್ಲ. ಹೀಗಿರುವಾಗ ಮಹಿಳೆಯರಿಗೆ ತಲಾ ಇಷ್ಟು ಸಾವಿರ ಸಾಲ ಹಂಚಿದರೆ ಏನೂ ಬದಲಾಗದು. ಮುಂಗಡವನ್ನು ಅವರದೇ ಸಂಸ್ಥೆ ಕೊಡಬೇಕು, ಹಣ್ಣನ್ನು ಅದೇ ದಾಸ್ತಾನಿಡಬೇಕು. 1982ರ ಕಾಯ್ದೆ ನಿಷೇಧಿಸಿದ ದೇವದಾಸಿ ಪದ್ಧತಿಯ ಭಾರ ಹೊತ್ತ ತಾಯಂದಿರು ಕೂಡ್ಲಿಗಿ, ಹರಪನಹಳ್ಳಿ ಕಡೆ ಇಂದಿಗೂ ಇದ್ದಾರೆ. ಜಮೀನಿಲ್ಲದ ಅವರಿಗೆ ಮಾಸಾಶನದಷ್ಟೇ ಮುಖ್ಯವಾದುದು ಊರಲ್ಲೇ ಸಿಗುವ ನಂಬಿಕೆಯ ಕೆಲಸ.

ಹಡಗಲಿಯ ಮಲ್ಲಿಗೆಯ ಕಥೆ ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆ ಬೇಗ ಅರ್ಥವಾದೀತು. ಉಡುಪಿ ಮಲ್ಲಿಗೆಯಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಮಾನ್ಯತೆ ಹೂವನ್ನು ಸಂಜೆಯವರೆಗೆ ತಾಜಾ ಇಡುವುದಿಲ್ಲ! ಮದುವೆಯ ದಿನಗಳಲ್ಲಿ ಏರುವ ದರ ಮರುವಾರ ನೆಲಕ್ಕಿಳಿಯುತ್ತದೆ. ಸುಗಂಧದ ಕಾರ್ಖಾನೆ ಹಾಕಿದರೆ ಸಾಕೆಂದು ಹೇಳುವವರಿದ್ದಾರೆ. ಸಾವಿರ ಕಿಲೋ ಹೂವಿನಿಂದ ಸಿಗುವ ಮೇಣದಂಥ ಸುಗಂಧಸಾರ ಸುಮಾರು ಮೂರು ಕಿಲೋ ಮಾತ್ರ. ಮಾರುಕಟ್ಟೆಯಲ್ಲಿ ದರ ಬಿದ್ದ ದಿನ ಉಳಿಯುವ ಹೂವಿಗೆ ಇದು ಆಸರೆಯಾದೀತು, ದಿನದ ಸಂಪಾದನೆಗೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಮೊದಲು ಬೇಕಾದುದು ಒಟ್ಟಾಗಿ ತೂಗಿ, ಒಟ್ಟಾಗಿ ಸಾಗಿಸಿ, ಒಟ್ಟಾಗಿ ದರ ಮಾತನಾಡುವ ಏರ್ಪಾಡು.

ಇದು ಕನಸಲ್ಲ ಎನ್ನಲು ದೂರ ಹೋಗಬೇಕಿಲ್ಲ. ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿ 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ತಾಂಡಾಗಳ ನೂರಾರು ಮಹಿಳೆಯರು ತಮ್ಮ ಕಸೂತಿಯಿಂದಲೇ ದುಡಿಯುತ್ತಾರೆ. ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಕೆ ದೊರೆತಿದೆ. ಬಟ್ಟೆ, ದಾರ, ವಿನ್ಯಾಸ, ಮಾರಾಟ ಇವನ್ನು ಸಂಸ್ಥೆ ನೋಡಿಕೊಂಡಾಗ ಅಜ್ಜಿಯಿಂದ ಬಂದ ಹೊಲಿಗೆಯೇ ಕಸುಬಾಯಿತು.

ಕಾನೂನಿನ ದಾರಿಯೂ ಇದೆ. ಕಂಪೆನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಹತ್ತು ಮಂದಿ ಉತ್ಪಾದಕರು ಸೇರಿ ಉತ್ಪಾದಕರ ಕಂಪೆನಿ ಆರಂಭಿಸಬಹುದು. ಅಲ್ಲಿ ಷೇರು ಎಷ್ಟೇ ಇದ್ದರೂ ಸದಸ್ಯರಿಗೆ ಒಂದೊಂದೇ ಮತ. 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಸಹಕಾರಿಯನ್ನೂ ಕಟ್ಟಬಹುದು. ನೋಂದಣಿ ಸುಲಭ. ಕಷ್ಟವಿರುವುದು ಸುಗ್ಗಿಯ ಎರಡು ಮೂರು ತಿಂಗಳು ಹಣ್ಣು ಕೊಳ್ಳಲು ಬೇಕಾದ ದುಡಿಯುವ ಬಂಡವಾಳ ಹೊಂದಿಸುವುದರಲ್ಲಿ, ಮತ್ತು ದಿನದ ಲೆಕ್ಕ ಬರೆಯಬಲ್ಲ ಒಬ್ಬ ಊರಿನ ಹುಡುಗಿಗೆ ತಪ್ಪದೆ ಸಂಬಳ ಕೊಡುವುದರಲ್ಲಿ. ನೆರವು ನೀಡಬಯಸುವ ನಮ್ಮ ಸಂಘಟನೆಗಳು ಹೊಲಿಗೆ ಯಂತ್ರ ಹಂಚುವ ಮೊದಲು ಈ ಎರಡು ಖರ್ಚುಗಳನ್ನು ವಿಚಾರಿಸಲಿ. ಹಾಕಿದ ಹಣ ಹುಣಸೆ ಮಾರಾಟವಾದ ಮೇಲೆ ಹಿಂದಿರುಗಿ ಬಂದರೆ, ಮುಂದಿನ ಸುಗ್ಗಿಗೆ ಅದನ್ನೇ ಮತ್ತೆ ಕಳುಹಿಸಬಹುದು.