ಕೈಸನ್ನೆಗೆ ಓಗೊಡುವ ಕಾರು

ಬಿಎಂಡಬ್ಲ್ಯೂ ಕಂಪನಿ 2015ರಲ್ಲಿ ತನ್ನ 7 ಸೀರೀಸ್ ಕಾರಿನ ಚಾವಣಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಕೂರಿಸಿತು. ಗಾಳಿಯಲ್ಲಿ ತೋರುಬೆರಳನ್ನು ಬಲಕ್ಕೆ ಸುತ್ತಿದರೆ ಹಾಡಿನ ದನಿ ಏರುತ್ತಿತ್ತು, ಎಡಕ್ಕೆ ಸುತ್ತಿದರೆ ಇಳಿಯುತ್ತಿತ್ತು. ಫೋನ್ ಬಂದಾಗ ಪರದೆಯತ್ತ ಬೆರಳು ಮಾಡಿದರೆ ಕರೆ ಸ್ವೀಕಾರ, ಕೈ ಬೀಸಿದರೆ ನಿರಾಕರಣೆ. ಕೋಟಿ ರೂಪಾಯಿ ಮೀರಿದ ಕಾರಿನ ಆ ಸೌಕರ್ಯವನ್ನು ಇವತ್ತು ಹತ್ತು ವರ್ಷ ಹಳೆಯ ಆಲ್ಟೋದಲ್ಲೂ ಕೂರಿಸಬಹುದು. ಅಂಗೈಗಿಂತ ಚಿಕ್ಕದಾದ, 85 ಮಿ.ಮೀ. ಉದ್ದ 56 ಮಿ.ಮೀ. ಅಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಸನ್ನೆ ಓದುವ ಒಂದು ಸೆನ್ಸರ್, ಒಂದಿಷ್ಟು ವೈರು ಇದ್ದರೆ ಸಾಕು. ಆದರೆ ಸನ್ನೆ ಓದಿಸುವುದು ಈ ಕೆಲಸದ ಸುಲಭದ ಭಾಗ. ಕಷ್ಟವೆಲ್ಲ ಇರುವುದು ಕಾರಿನಲ್ಲಿ. ಬಿಸಿಲು, ಶಾಖ, ಹೊಯ್ದಾಡುವ ವಿದ್ಯುತ್ತು, ಇವು ಯಾವುವೂ ಕಂಪ್ಯೂಟರಿಗೆ ಒಗ್ಗುವುದಿಲ್ಲ.

ಮೊದಲು, ಸನ್ನೆ ಯಾಕೆ ಬೇಕು? ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಕಾರಿನೊಳಗಿನ ಉಪಕರಣ ಬಳಸುವಾಗ ಚಾಲಕನ ಕಣ್ಣು ಒಮ್ಮೆಗೆ ಸುಮಾರು ಎರಡು ಸೆಕೆಂಡಿಗಿಂತ ಹೆಚ್ಚು ರಸ್ತೆ ಬಿಡಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡು ಮೀರಬಾರದು ಎಂಬುದು ಅದರ ತಿರುಳು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿಗೆ ಕಾರು 33 ಮೀಟರ್ ಸಾಗಿರುತ್ತದೆ. ಟಚ್‌ಸ್ಕ್ರೀನಿನಲ್ಲಿ ಬೆರಳಿಗೆ ಗುರುತು ಸಿಗುವ ಉಬ್ಬುತಗ್ಗು ಇಲ್ಲ, ಆದ್ದರಿಂದ ನೋಡಲೇಬೇಕು. ಸನ್ನೆಗೆ ನೋಡಬೇಕಿಲ್ಲ, ಅದರ ಲಾಭ ಅದೊಂದೇ. ಸನ್ನೆ ಮಾಡಿ, ಅದು ತಲುಪಿತೋ ಇಲ್ಲವೋ ಎಂದು ಪರದೆ ನೋಡುವಂತಾದರೆ ಆ ಲಾಭವೂ ಹೋಯಿತು. ಹಾಗಾಗಿ ಈ ಕಂಪ್ಯೂಟರಿಗೆ ಪರದೆಯೇ ಬೇಡ ಎನ್ನುವವನು ನಾನು. ಸನ್ನೆ ಅರ್ಥವಾದರೆ ಸ್ಪೀಕರಿನಲ್ಲಿ ಒಂದು ಸಣ್ಣ ‘ಟಿಂಗ್’, ಅಷ್ಟು ಸಾಕು.

ಕೈಯನ್ನು ಯಂತ್ರ ಗುರುತಿಸುವುದಕ್ಕೆ ಹಲವು ದಾರಿಗಳಿವೆ. ಕ್ಯಾಮೆರಾ ಒಂದು. ಗೂಗಲ್‌ನ ಮೀಡಿಯಾಪೈಪ್ ಎಂಬ ಉಚಿತ ತಂತ್ರಾಂಶ ಚಿತ್ರದಲ್ಲಿರುವ ಕೈಯ ಮೇಲೆ 21 ಬಿಂದುಗಳನ್ನು ಗುರುತಿಸಿ, ಬೆರಳು ಮಡಚಿದೆಯೋ ಚಾಚಿದೆಯೋ ಹೇಳಬಲ್ಲದು. ರಾತ್ರಿ ಮಾತ್ರ ಅದಕ್ಕೆ ಪ್ರತ್ಯೇಕ ಇನ್‌ಫ್ರಾರೆಡ್ ದೀಪ ಬೇಕು. ಎರಡನೆಯದು ಎಪಿಡಿಎಸ್-9960ರಂಥ ಅಗ್ಗದ ಇನ್‌ಫ್ರಾರೆಡ್ ಚಿಪ್. ಅದರಲ್ಲಿ ಒಂದು ಎಲ್‌ಇಡಿ, ನಾಲ್ಕು ದಿಕ್ಕಿಗೆ ನಾಲ್ಕು ಬೆಳಕುಗ್ರಾಹಕಗಳು. ಕೈಗೆ ಬಡಿದು ಮರಳುವ ಬೆಳಕು ಯಾವ ಗ್ರಾಹಕವನ್ನು ಮೊದಲು ಮುಟ್ಟಿತು ಎಂಬುದರಿಂದಲೇ ಕೈ ಎಡದಿಂದ ಬಂತೋ ಬಲದಿಂದ ಬಂತೋ ಲೆಕ್ಕ ಹಾಕುತ್ತದೆ. ಮನೆಯ ಮೇಜಿನ ಮೇಲೆ ಸೊಗಸಾಗಿ ಕೆಲಸ ಮಾಡುವ ಈ ಚಿಪ್, ಕಲಬುರಗಿಯ ಏಪ್ರಿಲ್ ಬಿಸಿಲು ವಿಂಡ್‌ಶೀಲ್ಡ್ ದಾಟಿ ನೇರ ಮೇಲೆ ಬಿದ್ದರೆ ತಬ್ಬಿಬ್ಬಾಗುತ್ತದೆ. ಸೂರ್ಯನ ಬೆಳಕಿನಲ್ಲೇ ಧಾರಾಳವಾಗಿ ಇನ್‌ಫ್ರಾರೆಡ್ ಇದೆ, ಪುಟ್ಟ ಎಲ್‌ಇಡಿಯ ಬೆಳಕು ಅದರಲ್ಲಿ ಕಾಣೆಯಾಗುತ್ತದೆ. ರೇಡಾರ್ ಎಂಬ ಮತ್ತೊಂದು ದಾರಿಯೂ ಉಂಟು. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನಲ್ಲಿ 60 ಗಿಗಾಹರ್ಟ್ಸ್ ರೇಡಾರ್ ಇಟ್ಟಿತ್ತು. ಆ ತರಂಗಾಂತರಕ್ಕೆ ನಮ್ಮಲ್ಲಿ ಅನುಮತಿ ಇರಲಿಲ್ಲವಾಗಿ ಆ ಫೋನ್ ಭಾರತಕ್ಕೆ ಬರಲೇ ಇಲ್ಲ.

ಕಾರಿಗೆ ಹೇಳಿ ಮಾಡಿಸಿದ ದಾರಿ ವಿದ್ಯುತ್ ಕ್ಷೇತ್ರದ್ದು. ಅಮೆರಿಕದ ಮೈಕ್ರೋಚಿಪ್ ಕಂಪನಿ 2012ರಲ್ಲಿ ಎಂಜಿಸಿ3130 ಎಂಬ ಚಿಪ್ ತಂದಿತು. ಇದಕ್ಕೆ ಬೆಳಕೂ ಬೇಡ, ಲೆನ್ಸೂ ಬೇಡ. ಒಂದು ಚಪ್ಪಟೆ ತಾಮ್ರದ ಹಾಳೆಗೆ ಇದು ಸೆಕೆಂಡಿಗೆ ಸುಮಾರು ಒಂದು ಲಕ್ಷ ಬಾರಿ ಏರಿಳಿಯುವ ದುರ್ಬಲ ವಿದ್ಯುತ್ ಕೊಡುತ್ತದೆ. ಹಾಳೆಯ ಮೇಲೆ ಹತ್ತು-ಹದಿನೈದು ಸೆಂಟಿಮೀಟರ್ ಎತ್ತರದವರೆಗೆ ಒಂದು ಕಾಣದ ಕ್ಷೇತ್ರ ಹರಡಿಕೊಳ್ಳುತ್ತದೆ. ಈ ಆವರ್ತನದಲ್ಲಿ ಒಂದು ಅಲೆಯ ಉದ್ದ ಮೂರು ಕಿಲೋಮೀಟರ್. ಅಂಗೈಯಗಲದ ಹಾಳೆಯಿಂದ ಅದು ರೇಡಿಯೋ ತರಂಗವಾಗಿ ದೂರ ಹೋಗುವುದಿಲ್ಲ, ಅಲ್ಲೇ ಸುತ್ತಮುತ್ತ ನಿಂತಿರುತ್ತದೆ. ನಮ್ಮ ಕೈಯೋ, ಉಪ್ಪುನೀರು ತುಂಬಿದ ಒಳ್ಳೆಯ ವಾಹಕ. ಅದು ಹತ್ತಿರ ಬಂದೊಡನೆ, ಕಾಲುವೆಯ ನೀರಿಗೆ ಪಕ್ಕದಲ್ಲೊಂದು ತೂಬು ತೆಗೆದಂತೆ, ಕ್ಷೇತ್ರದ ಒಂದು ಪಾಲು ಕೈಯ ಮೂಲಕ ಭೂಮಿಯತ್ತ ಹರಿದುಹೋಗುತ್ತದೆ. ಹಾಳೆಯ ನಾಲ್ಕು ಅಂಚಿನಲ್ಲೂ ನಡುವೆಯೂ ಇರುವ ಗ್ರಾಹಕ ಪಟ್ಟಿಗಳಲ್ಲಿ ಕೈಗೆ ಹತ್ತಿರವಿದ್ದುದರ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ. ಈ ಐದು ಕುಸಿತಗಳನ್ನು ಹೋಲಿಸಿದರೆ ಕೈ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎತ್ತ ಸರಿಯುತ್ತಿದೆ ಎಂಬುದೆಲ್ಲ ತಿಳಿಯುತ್ತದೆ. ರಷ್ಯಾದ ಲೆವ್ ಟರ್ಮೆನ್ 1920ರ ಸುಮಾರಿಗೆ ಕಟ್ಟಿದ ಥೆರೆಮಿನ್ ಎಂಬ ಮುಟ್ಟದೆ ನುಡಿಸುವ ವಾದ್ಯವೂ ಕೈ ತರುವ ಇಂಥದೇ ಸೂಕ್ಷ್ಮ ಬದಲಾವಣೆಯಿಂದ ಹಾಡುತ್ತಿತ್ತು. ಬಿಸಿಲಿರಲಿ, ಕತ್ತಲಿರಲಿ, ಈ ವಿಧಾನಕ್ಕೆ ಒಂದೇ. ತೆಳು ಪ್ಲಾಸ್ಟಿಕ್ಕಿನ ಹಿಂದೆ ಅಡಗಿಸಿಟ್ಟರೂ ನಡೆಯುತ್ತದೆ. ಅದಕ್ಕೆ ಆಗದ್ದು ಲೋಹ. ಡ್ಯಾಶ್‌ಬೋರ್ಡಿನ ಒಳಗಿನ ಕಬ್ಬಿಣದ ಪಟ್ಟಿಗೆ ತೀರಾ ಹತ್ತಿರ ಅಂಟಿಸಿದರೆ ಕ್ಷೇತ್ರವನ್ನು ಲೋಹವೇ ನುಂಗಿಬಿಡುತ್ತದೆ.

ಇನ್ನು ವಿದ್ಯುತ್ತಿನ ಮಾತು. ಪೈಗೆ ಬೇಕಿರುವುದು ಅಲುಗಾಡದ 5 ವೋಲ್ಟ್. ಕಾರಿನ ಬ್ಯಾಟರಿ ಹೆಸರಿಗೆ 12 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು. ಸೆಲ್ಫ್ ಹೊಡೆದ ಕ್ಷಣ 9ಕ್ಕಿಂತ ಕೆಳಗೆ ಬೀಳಬಹುದು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ಕಳಚಿಕೊಂಡರೆ, ತಡೆಯಿಲ್ಲದ ಕಡೆ ಕ್ಷಣಮಾತ್ರ 100 ವೋಲ್ಟಿನ ಹತ್ತಿರಕ್ಕೂ ಚಿಮ್ಮೀತು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುವ ಎಲ್‌ಎಂ2596 ಎಂಬ ನೀಲಿ ಬಣ್ಣದ ಪುಟ್ಟ ಬೋರ್ಡು 12ನ್ನು 5 ಮಾಡಿಕೊಡುತ್ತದೆ. ಆದರೆ ಅದು ತಾಳುವುದು 40 ವೋಲ್ಟಿನವರೆಗೆ ಮಾತ್ರ. ಹಾಗಾಗಿ ಅದರ ಮುಂದೆ ಫ್ಯೂಸೂ, ಉಕ್ಕುವ ವೋಲ್ಟೇಜನ್ನು ಹಿಡಿದು ನೆಲಕ್ಕಿಳಿಸುವ ಟಿವಿಎಸ್ ಡಯೋಡೂ ಇರಲೇಬೇಕು. ಆ ಬೋರ್ಡಿನ ಮೇಲೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಹಿತ್ತಾಳೆ ಸ್ಕ್ರೂ ಇದೆ. ಮಲ್ಟಿಮೀಟರ್ ಹಿಡಿದು, ಅದನ್ನು ಮೆಲ್ಲಗೆ ತಿರುಗಿಸಿ 5.1 ವೋಲ್ಟಿಗೆ ತಂದ ಮೇಲೆಯೇ ಪೈಯನ್ನು ಜೋಡಿಸಬೇಕು. ವೋಲ್ಟೇಜು 4.63ಕ್ಕಿಂತ ಇಳಿದರೆ ಪೈ ಎಚ್ಚರಿಕೆ ಕೊಡುತ್ತದೆ. ಈ ಬೋರ್ಡು ಸೆಕೆಂಡಿಗೆ ಒಂದೂವರೆ ಲಕ್ಷ ಬಾರಿ ಸ್ವಿಚ್ ಆಗುತ್ತಿರುತ್ತದೆ, ಸನ್ನೆಯ ಹಾಳೆಯ ಆವರ್ತನವೂ ಅದೇ ಸುಮಾರಿನದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹಾಳೆಗೆ ಇಲ್ಲದ ಕೈಗಳು ಕಾಣತೊಡಗಬಹುದು. ದೂರ ಇಡಿ.

ಕಾರು ಆಫ್ ಮಾಡಿದಾಗ ಇನ್ನೊಂದು ತೊಡಕು. ಕೀ ತಿರುಗಿಸಿದೊಡನೆ ಕರೆಂಟು ಹೋದರೆ, ಮೆಮೊರಿ ಕಾರ್ಡಿಗೆ ಬರೆಯುತ್ತಿದ್ದ ಕಡತ ಅರ್ಧಕ್ಕೇ ಕೆಡಬಹುದು, ಮರುದಿನ ಕಂಪ್ಯೂಟರ್ ಏಳದೇ ಹೋಗಬಹುದು. ಹಾಗೆಂದು ಸದಾ ಆನ್ ಇಡೋಣವೆಂದರೆ, ಸುಮ್ಮನೆ ಕೂತ ಪೈ 4 (ರಾಸ್ಪ್‌ಬೆರಿ ಪೈಯ ನಾಲ್ಕನೇ ಪೀಳಿಗೆ) ಸುಮಾರು 3 ವ್ಯಾಟ್ ಉಣ್ಣುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ ಕಾಲು ಆಂಪಿಯರ್, ದಿನಕ್ಕೆ 6 ಆಂಪಿಯರ್-ಗಂಟೆ. ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ವಾರದೊಳಗೆ ಬರಿದು. ಸರಿಯಾದ ಕ್ರಮವೆಂದರೆ ಕರೆಂಟನ್ನು ಸ್ಟೀರಿಯೋದ ಹಿಂದಿನ ಖಾಯಂ ಲೈನಿನಿಂದ ತೆಗೆದು, ಕೀ ಜೊತೆ ಆನ್-ಆಫ್ ಆಗುವ ಆಕ್ಸೆಸರಿ ಲೈನನ್ನು ಬರೀ ಸುದ್ದಿ ಮುಟ್ಟಿಸಲು ಬಳಸುವುದು. ಸಾಮಾನ್ಯವಾಗಿ ಹೊರಗಿನಿಂದ ತಂದು ಕೂರಿಸಿದ ಸ್ಟೀರಿಯೋಗಳಲ್ಲಿ ಮೊದಲನೆಯದು ಹಳದಿ, ಎರಡನೆಯದು ಕೆಂಪು. ಕೆಂಪಿನಲ್ಲಿ ಕರೆಂಟು ನಿಂತಿತೆಂದರೆ ಪೈ ತಾನೇ ಕ್ರಮವಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಅರ್ಧ ನಿಮಿಷದ ಬಳಿಕ ಒಂದು ರಿಲೇ ಸಂಪರ್ಕ ಕಡಿಯುತ್ತದೆ. ಕೆಂಪು ವೈರನ್ನು ನೇರವಾಗಿ ಪೈಯ ಪಿನ್ನಿಗೆ ಕೊಡಬೇಡಿ. ಆ ಪಿನ್ನು ತಾಳುವುದು 3.3 ವೋಲ್ಟ್ ಮಾತ್ರ, ನಡುವೆ, ಸುದ್ದಿಯನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಇರಲಿ.

ಪೈ 4ಕ್ಕೆ ತಯಾರಕರು ಹೇಳುವ ಸುತ್ತಲಿನ ಶಾಖದ ಮಿತಿ 50 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಅದನ್ನು ಸುಲಭವಾಗಿ ದಾಟುತ್ತದೆ. ಕಂಪ್ಯೂಟರನ್ನು ಸೀಟಿನ ಕೆಳಗಿಟ್ಟು, ಗೇರಿನ ಮುಂದೆ ಸನ್ನೆಯ ಹಾಳೆಯನ್ನಷ್ಟೇ ಇಡುವುದು ಮೇಲು. ಏರ್‌ಬ್ಯಾಗಿನ ಮುಚ್ಚಳದ ಮೇಲಂತೂ ಏನನ್ನೂ ಅಂಟಿಸಲೇಬಾರದು. ಏರ್‌ಬ್ಯಾಗು ಸೆಕೆಂಡಿನ ಮೂವತ್ತನೇ ಒಂದು ಭಾಗದೊಳಗೆ ಸಿಡಿದು ಉಬ್ಬುತ್ತದೆ, ಮೇಲಿದ್ದ ವಸ್ತು ಮುಖಕ್ಕೇ ಬಡಿಯುತ್ತದೆ.

ಎಷ್ಟು ಸನ್ನೆ ಇಡಬೇಕು? ನನ್ನ ಪ್ರಕಾರ ಮೂರು. ಎಡಕ್ಕೆ ಬೀಸಿದರೆ ಹಿಂದಿನ ಹಾಡು, ಬಲಕ್ಕೆ ಬೀಸಿದರೆ ಮುಂದಿನದು, ಅಂಗೈಯನ್ನು ಹಾಳೆಯ ಮೇಲೆ ಒಂದು ಸೆಕೆಂಡು ನಿಲ್ಲಿಸಿದರೆ ಮೌನ. ಪಕ್ಕದವರು ನೀರಿನ ಬಾಟಲಿ ಚಾಚಿದ್ದನ್ನೂ, ಗೇರ್ ಹಾಕಲು ಹೋದ ಕೈಯನ್ನೂ ಯಂತ್ರ ಸನ್ನೆಯೆಂದು ಓದಬಾರದಲ್ಲ. ಅದಕ್ಕಾಗಿ ತೀರಾ ನಿಧಾನದ ಚಲನೆಯನ್ನು ಕಡೆಗಣಿಸುವಂತೆ ಪ್ರೋಗ್ರಾಂ ಬರೆಯಿರಿ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ದೀಪ, ತುರ್ತು ಕರೆ ಈ ಐದಕ್ಕೂ ಕೈಗೆ ಸಿಗುವ ನಿಜವಾದ ಗುಂಡಿ ಬೇಕೆನ್ನುತ್ತಿದೆ. ನೀವೂ ಇವುಗಳ ತಂಟೆಗೆ ಹೋಗದೆ, ಸನ್ನೆಯನ್ನು ಹಾಡಿಗಷ್ಟೇ ಮೀಸಲಿಡಿ. ಇಡೀ ಜೋಡಣೆಯನ್ನು ಮೊದಲು ಮನೆಯಲ್ಲಿ 12 ವೋಲ್ಟ್ ಅಡಾಪ್ಟರಿಗೆ ಕೊಟ್ಟು ಕೆಲವು ದಿನ ಓಡಿಸಿ ನೋಡಿ. ವಾರಂಟಿ ಇನ್ನೂ ಇರುವ ಕಾರಾದರೆ ಅದು ಮುಗಿಯುವವರೆಗೆ ವೈರಿಗೆ ಕತ್ತರಿ ಹಾಕಬೇಡಿ.