ಬೀಜ ಎಷ್ಟು ದೂರ ಹೋಗುತ್ತದೆ?

ಬೇಸಿಗೆಯಲ್ಲಿ ನಿಪ್ಪಾಣಿಯಿಂದ ಅಕ್ಕೋಳದ ಕಡೆ ಹೊರಟರೆ, ರಸ್ತೆ ಬದಿಯ ಎಕ್ಕೆಗಿಡಗಳಿಂದ ರೇಷ್ಮೆಯಂಥ ಎಳೆಗಳ ಬೀಜಗಳು ತೇಲಿ ಬರುವುದನ್ನು ನೀವು ನೋಡಬಹುದು. ಅಲ್ಲೇ ಕುರಿಹಿಂಡೊಂದು ಉದುರಿದ ಜಾಲಿಕಾಯಿ ಮೇಯುತ್ತಿರಬಹುದು; ಆಲದ ಕೊಂಬೆಯಲ್ಲಿ ಬಾವಲಿಗಳು ತಲೆಕೆಳಗಾಗಿ ನಿದ್ರಿಸುತ್ತಿರಬಹುದು. ಗಾಳಿ, ಕುರಿ, ಬಾವಲಿ ಈ ಮೂರೂ ಬೀಜ ಸಾಗಿಸುವ ವಾಹನಗಳೇ. ಪಠ್ಯಪುಸ್ತಕಗಳು ಇವನ್ನು ಬೇರೆ ಬೇರೆ ಶೀರ್ಷಿಕೆಗಳಡಿ ವಿವರಿಸುತ್ತವೆ. ಭೌತವಿಜ್ಞಾನ ಕಲಿಸುವ ನನಗೆ ಮೂರರಲ್ಲೂ ಕಾಣುವುದು ಒಂದೇ ಸೂತ್ರ: ದೂರ = ವೇಗ × ಕಾಲ. ವೇಗ ವಾಹನಕ್ಕೆ ಸೇರಿದ್ದು. ಬೀಜ ಆ ವಾಹನದಲ್ಲಿ ಎಷ್ಟು ಹೊತ್ತು ಉಳಿಯಬೇಕು ಎಂಬುದರಲ್ಲಿ ಮಾತ್ರ ಗಿಡದ ಕೈವಾಡವಿದೆ.

ದೂರವಾದರೂ ಏಕೆ ಬೇಕು? ತಾಯಿಮರದ ಬುಡದಲ್ಲೇ ಬಿದ್ದ ಬೀಜಕ್ಕೆ ಬಿಸಿಲು ಸಾಲದು, ನೀರಿಗೆ ತಾಯಿಯೊಡನೆಯೇ ಪೈಪೋಟಿ. ಬೀಜ ತಿನ್ನುವ ಕೀಟಗಳೂ ಅಲ್ಲೇ ಹೆಚ್ಚು.

ಮೊದಲು ಗಾಳಿ. ಒಣಗಿ ಬಿರಿದ ಎಕ್ಕೆಕಾಯಿಯೊಂದನ್ನು ತರಗತಿಗೆ ತನ್ನಿ. (ಹಸಿ ಕಾಯಿ ಬೇಡ, ಅದರ ಹಾಲು ಕಣ್ಣಿಗೆ ಅಪಾಯಕಾರಿ.) ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, 2 ಮೀಟರ್ ಎತ್ತರದಿಂದ ಎಳೆಗಳಿರುವ ಒಂದು ಬೀಜವನ್ನೂ ಎಳೆ ಕಿತ್ತ ಇನ್ನೊಂದನ್ನೂ ಬಿಡಿ. ಬೋಳು ಬೀಜ ಸುಮಾರು ಒಂದು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಎಳೆಗಳಿರುವ ಬೀಜದ ಮೇಲಿನ ಗಾಳಿಯ ರೋಧ ಬಹುಬೇಗ ಅದರ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ಅದು ಬದಲಾಗದ ‘ಅಂತಿಮ ವೇಗ’ದಲ್ಲಿ ನಿಧಾನವಾಗಿ ಇಳಿಯುತ್ತದೆ. ಕಾಲವನ್ನು ನೀವೇ ಅಳೆಯಿರಿ. 5 ಸೆಕೆಂಡು ಬಂತು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಅದು 15 ಮೀಟರ್ ಆಚೆ ಬೀಳುತ್ತದೆ. ಬೋಳು ಬೀಜ ಹೆಚ್ಚೆಂದರೆ 3 ಮೀಟರ್. ಎಳೆಗಳ ನಡುವೆ ಅಷ್ಟೊಂದು ಖಾಲಿ ಜಾಗವಿದ್ದೂ ಈ ಕೊಡೆ ಕೆಲಸ ಮಾಡುವುದು ಹೇಗೆ? ಯುರೋಪಿನ ಡ್ಯಾಂಡೆಲಿಯನ್ ಬೀಜವನ್ನು ಕುರಿತು ಎಡಿನ್‌ಬರೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎಳೆಗಳ ನಡುವೆ ನುಸುಳುವ ಗಾಳಿ ಬೀಜದ ಮೇಲ್ಗಡೆ ಉಂಗುರದಾಕಾರದ ಸುಳಿಯಾಗಿ ನಿಲ್ಲುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಇಳಿತ ನಿಧಾನವಾಗುತ್ತದೆ.

ಕುರಿಯ ಲೆಕ್ಕ ದಿನಗಳದ್ದು. ಜಾಲಿಯ ಬೀಜಕ್ಕೆ ನೀರು ಒಳನುಗ್ಗದಷ್ಟು ಗಟ್ಟಿ ಸಿಪ್ಪೆ. ಕಾಯಿ ಮೇಯುವಾಗ ಅನೇಕ ಬೀಜಗಳು ಹಲ್ಲಿಗೆ ಸಿಕ್ಕಿ ನಾಶವಾಗುತ್ತವೆ. ಉಳಿದವು ಎರಡು ಮೂರು ದಿನ ಹೊಟ್ಟೆಯಲ್ಲಿದ್ದು, ಸಿಪ್ಪೆ ಸಡಿಲಗೊಂಡು, ಹಿಕ್ಕೆಯೊಡನೆ ಹೊರಬರುತ್ತವೆ. ಹಿಂಡು ದಿನಕ್ಕೆ 8 ಕಿ.ಮೀ. ನಡೆದರೂ 20 ಕಿ.ಮೀ. ಆಯಿತಲ್ಲ! ಗೊಬ್ಬರಕ್ಕೆಂದು ರೈತ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡರೆ ಬೀಜವೂ ಪುಕ್ಕಟೆ. ಅಮೆರಿಕ ಮೂಲದ ಬಳ್ಳಾರಿ ಜಾಲಿ 19ನೇ ಶತಮಾನದ ಕೊನೆಗೆ ಭಾರತಕ್ಕೆ ಬಂದು ಬಯಲುಸೀಮೆಯನ್ನು ಆವರಿಸಿದ್ದರಲ್ಲಿ ದನ, ಕುರಿ, ಆಡುಗಳ ಪಾಲು ದೊಡ್ಡದು. ವಾಹನಕ್ಕೆ ಒಳ್ಳೆಯ ಗಿಡ, ಕೆಟ್ಟ ಗಿಡ ಎಂಬ ಭೇದವಿಲ್ಲ. ಉತ್ತರಾಣಿ, ಮರುಳುಮತ್ತಿಗಳಂತೂ ಬಾಡಿಗೆಯನ್ನೂ ಕೊಡದೆ ಉಣ್ಣೆಗೆ ಕೊಕ್ಕೆ ಹಾಕಿ ಹೊರಡುತ್ತವೆ.

ಎಲ್ಲ ಬೀಜಕ್ಕೂ ಇಷ್ಟು ದೂರ ಬೇಕಿಲ್ಲ. ಔಡಲ ಬೀಜದ ತುದಿಯ ಎಣ್ಣೆಯಂಶದ ಪುಟ್ಟ ಗಂಟಿಗಾಗಿ ಇರುವೆಗಳು ಬೀಜವನ್ನು ಗೂಡಿಗೆಳೆದು, ಗಂಟು ತಿಂದು ಬೀಜ ಬಿಸಾಡುತ್ತವೆ. ನಾಲ್ಕು ಮಾರು ಹೋದರೂ ಔಡಲಕ್ಕೆ ಸಾಕು.

ಬಾವಲಿಯ ಹೊಟ್ಟೆಯಲ್ಲಿ ಆಲ, ಅತ್ತಿಗಳ ಸಣ್ಣ ಬೀಜಗಳು ಇರುವುದು ಅರ್ಧ ಗಂಟೆಯ ಆಸುಪಾಸು. ಕಾಲ ಕಡಿಮೆ, ಆದರೆ ವೇಗ ಹೆಚ್ಚು. ಗಂಟೆಗೆ 20 ಕಿ.ಮೀ. ಹಿಡಿದರೂ 10 ಕಿ.ಮೀ.; ಅಕ್ಕೋಳದಿಂದ ಹೊರಟ ಬೀಜ ನಿಪ್ಪಾಣಿ ದಾಟೀತು. ಹಕ್ಕಿಗಳು ಸಾಮಾನ್ಯವಾಗಿ ಕುಳಿತಲ್ಲೇ ಹಿಕ್ಕೆ ಹಾಕುವುದರಿಂದ ಬೀಜ ಮತ್ತೆ ಮರದ ಕೆಳಗೋ ಗೋಡೆಯ ಬಿರುಕಿಗೋ ಬೀಳುತ್ತದೆ. ಬಾವಲಿ ಹಾರುತ್ತಲೇ ಹಾಕುತ್ತದೆ. ಮರವಿಲ್ಲದ ಬಯಲಿಗೆ ಬೀಜ ತಲುಪಿಸಲು ಅದಕ್ಕಿಂತ ಉತ್ತಮ ವಾಹನ ನಮ್ಮ ಕಡೆ ಇಲ್ಲವೆಂದೇ ನನ್ನ ಎಣಿಕೆ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣು ಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಅಷ್ಟರಲ್ಲಿ, 2018ರಲ್ಲಿ ಕೇರಳದಲ್ಲಿ ಕಾಣಿಸಿದ ನಿಪಾ ಸೋಂಕು ಹೊಸ ಭಯ ತಂದಿತ್ತು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಹಿಕ್ಕೆ ಮುಟ್ಟಬಾರದು, ಇದು ಸರಿ. ಆದರೆ ಅವುಗಳ ಮರ ಕಡಿದರೆ ಸೋಂಕು ತಡೆದಂತಾಗುವುದಿಲ್ಲ. ಬಾವಲಿಗಳು ಚದುರಿ ಇನ್ನೊಂದು ಊರಿನ ಮರ ಹುಡುಕುತ್ತವೆ, ಅಷ್ಟೇ.

ಈ ಮಳೆಗಾಲದಲ್ಲಿ ಬಯಲಿನಲ್ಲಿ ತಾನಾಗಿ ಹುಟ್ಟಿದ ಅತ್ತಿಯ ಸಸಿ ಕಂಡರೆ, ಹಣ್ಣು ಬಿಡುವ ಅತ್ತಿಮರ ಅಲ್ಲಿಂದ ಎಷ್ಟು ದೂರದಲ್ಲಿದೆ ಎಂದು ವಿದ್ಯಾರ್ಥಿಗಳೊಡನೆ ಅಳೆದು ನೋಡಿ. ಆ ದೂರಕ್ಕೆ ಗಾಳಿ, ಕುರಿ, ಹಕ್ಕಿ, ಬಾವಲಿಗಳಲ್ಲಿ ಯಾರ ಲೆಕ್ಕ ಹೊಂದುತ್ತದೆ?