ಅಚ್ಚಕ್ಕ ಹೇಳಿದ ಊರು

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋಗಿಬಂದವರು ಅಲ್ಲಿನ ಕೆಂಚಾಂಬೆಯ ದರ್ಶನ ಮಾಡಿರುತ್ತಾರೆ. ಸಪ್ತಮಾತೃಕೆಯರಲ್ಲಿ ಮೂವರು ಹಾಸನಾಂಬೆಯ ಗುಡಿಯಲ್ಲಿ, ಮೂವರು ಹಾಸನದ ದೇವಿಗೆರೆಯಲ್ಲಿ ನೆಲೆಸಿದರೆಂದೂ ಬ್ರಾಹ್ಮೀದೇವಿ ಇಲ್ಲಿ ಕೆಂಚಮ್ಮನಾಗಿ ನಿಂತಳೆಂದೂ ಈ ಸೀಮೆಯ ನಂಬಿಕೆ. ಇದೇ ಹೆಸರಿನ ತಾಯಿಯೊಬ್ಬಳು ಇಂಗ್ಲಿಷ್ ಕಾದಂಬರಿಯೊಂದರ ಗ್ರಾಮದೇವತೆಯಾಗಿ ಕಡಲಾಚೆಯ ಓದುಗರನ್ನೂ ತಲುಪಿದ್ದಾಳೆಂಬುದು ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಆ ಕಾದಂಬರಿ ‘ಕಾಂತಾಪುರ’. 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬರೆದ ರಾಜಾರಾವ್ 1908ರಲ್ಲಿ ಹಾಸನದಲ್ಲಿ ಹುಟ್ಟಿದವರು. ನಾಲ್ಕನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ಅಜ್ಜನ ಆಸರೆಯಲ್ಲಿ ಬಾಲ್ಯ ಕಳೆದರು. ತಂದೆ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. 1929ರಲ್ಲಿ ಫ್ರಾನ್ಸಿಗೆ ಹೋದ ರಾಜಾರಾಯರು ಅಲ್ಲಿಂದಲೇ ‘ಜಯಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಕೆಲವು ಬರಹಗಳನ್ನು ಕಳಿಸಿದ್ದುಂಟು. ಬಳಿಕ ಅವರ ಲೇಖನಿ ಇಂಗ್ಲಿಷಿಗೆ ಹೊರಳಿತು. ಇದು ಕನ್ನಡಕ್ಕಾದ ನಷ್ಟವೆಂದೇ ನಾವು ಬಹುಕಾಲ ತಿಳಿದಿದ್ದೆವು. ಪುಸ್ತಕವನ್ನು ಓದಿದ ಮೇಲೆ ಆ ಅಭಿಪ್ರಾಯ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ.

ಕಾರಣ, ಕಥೆ ಹೇಳುವವಳು ಅಚ್ಚಕ್ಕನೆಂಬ ಮುದುಕಿ. ಪುಸ್ತಕಕ್ಕೆ ಬರೆದ ಪುಟ್ಟ ಮುನ್ನುಡಿಯಲ್ಲಿ ಲೇಖಕರು ತಮ್ಮ ಕಷ್ಟವನ್ನು ತೋಡಿಕೊಂಡಿದ್ದಾರೆ. ಭಾಷೆ ಪರರದು, ಭಾವ ತಮ್ಮದು. ಎಂಥ ಬಡ ಹಳ್ಳಿಗೂ ಅದರದೇ ಸ್ಥಳಪುರಾಣವಿದೆ. ಸಂಜೆಯ ಹೊತ್ತಿನಲ್ಲಿ ಊರಿಗೆ ಹೊಸದಾಗಿ ಬಂದವರಿಗೆ ಅಜ್ಜಿಯೊಬ್ಬಳು ಹೇಳಿದಂತೆ ಈ ಕಥೆಯನ್ನು ಹೇಳಬೇಕು. ಮಾಡಿದ್ದೂ ಹಾಗೆಯೇ. ‘ಎದ್ದು, ಮುಖ ತೊಳೆದು, ದೀಪ ಹಚ್ಚಿ, ನೀರಿಗೆ ಹೋದಳು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲವೆ? ಆ ಸರಪಳಿಯನ್ನು ಅವರು ಇಂಗ್ಲಿಷಿನ ‘ಅಂಡ್’ಗಳಿಂದ ಪೋಣಿಸಿದರು. ಹೆಸರುಗಳನ್ನಂತೂ ಅನುವಾದಿಸಬೇಕಾದ ಪ್ರಮೇಯವೇ ಇಲ್ಲ: ಮೂಲೆಮನೆ ಮೂರ್ತಿ, ಅಂಚೆಮನೆ ಸೂರ್ಯನಾರಾಯಣ. ಹೇಮಾವತಿ ‘ಹಿಮವತಿ’ಯಾಗಿ ಹರಿಯುತ್ತಾಳೆ. ಕಾಫಿ ಎಸ್ಟೇಟಿನಲ್ಲಿ ದೊರೆಯ ಚಾಟಿ, ಕೂಲಿಯವರ ಚಳಿಜ್ವರ, ಕೈಗೆ ಬಾರದ ಸಂಬಳ. ಸಕಲೇಶಪುರದ ಕಾಫಿಗೆ ಬಿಳಿಯರು ಬರೆದ ಪುಸ್ತಕಗಳಿವೆ. 1894ರಲ್ಲಿ ಬಂದ ಎಲಿಯಟ್ ಸಾಹೇಬರ ಗ್ರಂಥದಲ್ಲಿ ಬೇಟೆಯ ಮಾತೇ ಸಾಕಷ್ಟು. ಅದೇ ಗಿಡವನ್ನು ಕೂಲಿಯ ಕಡೆಯಿಂದ ನೋಡುವುದು ಅಚ್ಚಕ್ಕನ ದೃಷ್ಟಿ. ವಾಕ್ಯಗಳು ಕೆಲವೆಡೆ ಉದ್ದವಾಗಿ ಓದುಗನನ್ನು ದಣಿಸುತ್ತವೆ, ನಿಜ. ನಮ್ಮ ಅಜ್ಜಿಯರೂ ಹಾಗೆಯೇ ದಣಿಸುತ್ತಿದ್ದರು!

ಮುಂದೆ ರಾಜಾರಾಯರಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಮೆರಿಕದ ಟೆಕ್ಸಾಸಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ, 2006ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುವ ಈ ಪುಸ್ತಕವನ್ನು ಕಾಲೇಜಿಗೆ ಹೋಗುವ ಮಗಳು ಮನೆಯ ಹಿರಿಯರ ಮುಂದೆ ಓದಿ ಕನ್ನಡದಲ್ಲಿ ಹೇಳಲಿ. ಹಿರಿಯರು ಅವಳನ್ನು ನಾಲ್ಕು ಕಡೆ ತಿದ್ದುವುದು ಖಂಡಿತ.

ಕಾದಂಬರಿಯ ಕೊನೆಯಲ್ಲಿ ಸತ್ಯಾಗ್ರಹ ಮಾಡಿದ ಊರು ಬರಿದಾಗಿದೆ. ಅಚ್ಚಕ್ಕ ಬೇರೊಂದು ಊರಿನ ಆಶ್ರಯದಲ್ಲಿ ಕುಳಿತು, ಇಲ್ಲದ ಊರನ್ನು ಬಾಯಿಂದ ಕಟ್ಟುತ್ತಿದ್ದಾಳೆ. ಇದನ್ನು ಓದುವಾಗ ನಮಗೆ ಗೊರೂರಿನ ಅಣೆಕಟ್ಟೆಯ ನೆನಪಾಯಿತು. 1979ರಲ್ಲಿ ಅದು ಪೂರ್ಣಗೊಂಡು, ಹೇಮಾವತಿಯ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಸುತ್ತಲ ಊರುಗಳಲ್ಲಿ ಮೂಲೆಮನೆ ಯಾರದ್ದು, ಅರಳಿಕಟ್ಟೆ ಎಲ್ಲಿತ್ತು, ಕೆರೆಯ ಏರಿಯ ಮೇಲೆ ಯಾವ ದೇವರಿದ್ದಳು ಎಂದು ಬಲ್ಲ ಹೆಣ್ಣುಮಕ್ಕಳು ಈಗ ಅಜ್ಜಿಯರಾಗಿದ್ದಾರೆ. ಅವರ ಮುಂದೆ ಕಾಗದ ಹಿಡಿದು ಕುಳಿತವರನ್ನು ನಾವು ಇನ್ನೂ ಕಂಡಿಲ್ಲ.